ಎರಡು ದಡದ ಅಳತೆ

ಮೆಕ್ಯಾನಿಕ್ಸ್ ಪೇಪರಿನಲ್ಲಿ ನಾನು ಎರಡು ಸಲ ಡುಮ್ಕಿ ಹೊಡೆದಿದ್ದೆ. ಮೂರನೆಯ ಸಲವೂ ಹೋದರೆ ಡಿಪ್ಲೊಮಾದ ಕೊನೆಯ ವರ್ಷಕ್ಕೆ ಸೇರಿಸಿಕೊಳ್ಳುವುದಿಲ್ಲ ಎಂದು ಶಿರಸಿಯ ನಮ್ಮ ಕಾಲೇಜಿನಲ್ಲಿ ಖಡಾಖಂಡಿತವಾಗಿ ಹೇಳಿದ್ದರು. ಹುಡುಗಿಯರಿಗೆ ಸಿವಿಲ್ ಯಾಕೆ ಎಂದು ಮೊದಲೇ ಮೂಗು ಮುರಿದವರ ಎದುರು ಒಂದು ವರ್ಷ ಮನೆಯಲ್ಲಿ ಕೂರುವುದು ನನ್ನಿಂದಾಗದ ಮಾತು. ಹಟ ನನಗೆ ಹುಟ್ಟಿನಿಂದಲೇ ಬಂದಿತ್ತು, ಲೆಕ್ಕ ಬಂದಿರಲಿಲ್ಲ.

ಯಲ್ಲಾಪುರದ ಸೀನಿಯರ್ ಒಬ್ಬಳು ಕಾಲೇಜು ಬಿಡುವಾಗ ತನ್ನ ಗ್ರಾಫಿಂಗ್ ಕ್ಯಾಲ್ಕ್ಯುಲೇಟರನ್ನು ನನಗೆ ಕೊಟ್ಟು ಹೋಗಿದ್ದಳು. ಅದರಲ್ಲಿ ನಾವೇ ಪ್ರೋಗ್ರಾಂ ಬರೆಯಬಹುದು. ಪರೀಕ್ಷೆಗೆ ಅದನ್ನು ಒಳಗೆ ಬಿಡುವುದಿಲ್ಲ ಎಂಬುದು ಗೊತ್ತಿತ್ತು. ಆದರೂ ಯಂತ್ರಕ್ಕೆ ಕಲಿಸಬೇಕಾದರೆ ಮೊದಲು ನನಗೆ ತಿಳಿಯಲೇಬೇಕಲ್ಲ ಎಂದು ಪಟ್ಟು ಹಿಡಿದು ಕೂತೆ. ಎರಡು ತುದಿಗೆ ಆಧಾರವಿರುವ ತೊಲೆ, ಅದರ ಮೇಲೆ ಭಾರ. ಎಡದ ಆಧಾರ ಎಷ್ಟು ಹೊರುತ್ತದೆ, ಬಲದ್ದು ಎಷ್ಟು? ನನ್ನ ಕಣ್ಣಿಗೆ ಅದು ಸಿದ್ದಾಪುರ ತಾಲೂಕಿನ ನಮ್ಮೂರು ದೊಡ್ಮನೆ ಬದಿಯಲ್ಲಿ ನಾವು ಹಳ್ಳ ದಾಟಲು ಹಾಕುವ ಮರದ ಸಂಕವೇ. ಉದ್ದ ಕೇಳು, ಭಾರ ಕೇಳು, ದೂರ ಕೇಳು, ಉತ್ತರ ಹೇಳು ಎಂದು ಹದಿನಾಲ್ಕು ಸಾಲು ಬರೆದೆ. ಆ ಚಿಕ್ಕ ಗುಂಡಿಗಳನ್ನು ಒತ್ತೀ ಒತ್ತೀ ಹೆಬ್ಬೆರಳು ನೋಯುತ್ತಿತ್ತು.

ಮೆಕ್ಯಾನಿಕ್ಸ್ ಕಲಿಸುವ ಸರ್ ಹಾವೇರಿ ಕಡೆಯವರು. ಬೀಗುತ್ತ ಹೋಗಿ ಅವರ ಮುಂದೆ ಹಿಡಿದೆ. ಅವರು ಒಂದು ಲೆಕ್ಕ ಕೊಟ್ಟರು: ಆರು ಮೀಟರಿನ ತೊಲೆ, ಎಡತುದಿಯಿಂದ ಎರಡು ಮೀಟರಿನಲ್ಲಿ ಆರು ಕಿಲೋನ್ಯೂಟನ್ ಭಾರ, ಬಲತುದಿಯಿಂದ ಎರಡು ಮೀಟರಿನಲ್ಲಿ ಮೂರು. ಯಂತ್ರ ಎಡಕ್ಕೆ ಆರು, ಬಲಕ್ಕೆ ಮೂರು ಎಂದಿತು.

"ತಪ್ಪೈತಿ," ಎಂದರು ಸರ್.

"ಕೂಡಿಸಿದ್ರೆ ಒಂಬತ್ತು ಬರ್ತದಲ್ಲ ಸರ್!"

"ಒಂಬತ್ತು ಬಂದ್ರ ಆತೇನು? ಎಡಕ್ಕ ಐದು, ಬಲಕ್ಕ ನಾಕು ಬರಬೇಕು. ಎಲ್ಲಿ ತಪ್ಪೈತಿ ಅಂತ ನಾ ಹೇಳಂಗಿಲ್ಲ. ನೀನ ಹುಡುಕವ್ವಾ."

ಸಿಟ್ಟು ನೆತ್ತಿಗೇರಿತು. ಮೂರು ದಿನ ಒಂದೊಂದು ಸಾಲನ್ನೂ ಕೈಯಲ್ಲಿ ಮಾಡಿ ನೋಡಿದೆ. ಸೂತ್ರದಲ್ಲಿ ಏನೂ ತಪ್ಪಿರಲಿಲ್ಲ. ಭಾನುವಾರ ಮನೆಗೆ ಹೋದಾಗ ಅಪ್ಪ ಸಂಕಕ್ಕೆ ಹೊಸ ಬಿದಿರು ಕಟ್ಟುತ್ತಿದ್ದರು. ಮಳೆಗಾಲ ಮುಗಿದ ಮೇಲೆ ಅದು ಎರಡೂ ದಡದ ಮನೆಯವರ ಕೆಲಸ. ಅಳತೆ ಹೇಗೆ ಹಿಡಿಯುತ್ತೀರಿ ಎಂದು ಸುಮ್ಮನೆ ಕೇಳಿದೆ.

"ಎಂತ ಕೂಸೇ, ಇಷ್ಟೂ ಗೊತ್ತಿಲ್ಯಾ? ಯಂಗ ಯಂಗಳ ದಡದಿಂದ, ಅವು ಅವರ ದಡದಿಂದ. ನಡುವೆ ಸೇರಿದ್ರೆ ಆತು."

ನಾವು ನಮ್ಮ ದಡದಿಂದ, ಅವರು ಅವರ ದಡದಿಂದ! ನನಗೆ ಅಲ್ಲೇ ಹಣೆ ಚಚ್ಚಿಕೊಳ್ಳುವಂತಾಯಿತು. ಬಲಗಡೆಯ ಭಾರದ ದೂರವನ್ನು ನಾನೂ ಆಚೆ ದಡದಿಂದಲೇ ಕೊಟ್ಟಿದ್ದೆ. ನನ್ನ ಸೂತ್ರವೋ ಎಲ್ಲವನ್ನೂ ಎಡದಿಂದಲೇ ಎಣಿಸುತ್ತಿತ್ತು. ಎರಡು ಎಂದದ್ದು ನಾಲ್ಕಾಗಬೇಕಿತ್ತು. ಬಲದ ಪಾಲು ಕಂಡುಹಿಡಿದು, ಉಳಿದದ್ದನ್ನೆಲ್ಲ ಎಡಕ್ಕೆ ಹಾಕುತ್ತಿದ್ದುದರಿಂದ ಮೊತ್ತ ಯಾವಾಗಲೂ ಸರಿಯಾಗಿಯೇ ಕಾಣುತ್ತಿತ್ತು. ಸೋಮವಾರ ಪ್ರೋಗ್ರಾಂ ಅಳಿಸಿ ಮೊದಲಿಂದ ಬರೆದೆ. ಇನ್ನೊಂದು ತುದಿಯಿಂದಲೂ ಲೆಕ್ಕ ಮಾಡಿ ತಾಳೆ ನೋಡುವ ಮೂರು ಸಾಲು ಸೇರಿಸಿದೆ. ಪರೀಕ್ಷೆಯವರೆಗೆ ದಿನಕ್ಕೆ ಹತ್ತು ಲೆಕ್ಕ ಮೊದಲು ಕೈಯಲ್ಲಿ ಮಾಡುವುದು, ಆಮೇಲೆ ಯಂತ್ರಕ್ಕೆ ಕೊಡುವುದು. ಯಂತ್ರಕ್ಕೆ ಸೋಲಬಾರದೆಂಬ ಹಟ.

ಪರೀಕ್ಷೆಯಲ್ಲಿ ಮೂರು ಭಾರದ ತೊಲೆ ಬಂತು. ಕೈಯಲ್ಲಿದ್ದದ್ದು ಸಾದಾ ಕ್ಯಾಲ್ಕ್ಯುಲೇಟರ್. ಉತ್ತರ ಬರೆದು ಕೂಡಿಸಿದೆ, ಮೊತ್ತ ಸರಿಯಿತ್ತು. ಹಿಂದಿನ ಎರಡು ಸಲ ಅಷ್ಟಕ್ಕೇ ಪೆನ್ನು ಮುಚ್ಚಿದ್ದೆ. ಈ ಸಲ ಬಲತುದಿಯಿಂದ ಮತ್ತೆ ಮಾಡಿದೆ. ತಾಳೆಯಾಗಲಿಲ್ಲ. ಗಂಟೆ ಹೊಡೆಯಲು ಹತ್ತು ನಿಮಿಷವಿತ್ತು. ಇಡೀ ಪುಟಕ್ಕೆ ಅಡ್ಡಗೆರೆ ಎಳೆದು ಹೊಸದಾಗಿ ಬರೆದೆ.

ಫಲಿತಾಂಶ ನೋಡಿದ್ದು ಸಿದ್ದಾಪುರದ ಬಸ್ಸಿಗೆ ಕಾಯುತ್ತಿದ್ದಾಗ, ಮೊಬೈಲಿನಲ್ಲಿ. ಪಾಸಾಗಲು ಬೇಕಿದ್ದಕ್ಕಿಂತ ಎರಡೇ ಅಂಕ ಹೆಚ್ಚು. ಯಾರು ನೋಡಿದರೂ ನೋಡಲಿ ಎಂದು ಬಸ್ ಸ್ಟ್ಯಾಂಡಿನಲ್ಲೇ ಅತ್ತೆ. ಆ ಪುಟಕ್ಕೆ ಗೆರೆ ಎಳೆಯುವ ಧೈರ್ಯ ಬರದೇ ಹೋಗಿದ್ದರೆ ನಾನು ಆ ವರ್ಷ ಮನೆಯಲ್ಲಿರುತ್ತಿದ್ದೆ.