ಪದ್ಮಕ್ಕನ ಪಾಲಿನ ರೊಟ್ಟಿ

ನಮ್ಮ ಅಡಿಗೆಮನೆಯ ಗೂಟಕ್ಕೆ ತೂಗುಹಾಕಿರುವ ಬುತ್ತಿಯ ಅರಿವೆಯನ್ನು ನೀವು ನೆಲ ಒರೆಸಲೆಂದು ಕೈಗೆತ್ತಿಕೊಂಡರೂ ನಾನು ಬೇಸರ ಮಾಡಿಕೊಳ್ಳುವುದಿಲ್ಲ. ಅದರ ಈಗಿನ ರೂಪವೇ ಹಾಗಿದೆ. ಒಂದು ಕಾಲಕ್ಕೆ ಅದು ನನ್ನ ಯಜಮಾನರ ಮದುವೆಯ ಧೋತರದ ಅರ್ಧ ಭಾಗವಾಗಿತ್ತು. ಇನ್ನರ್ಧ ಎಲ್ಲಿ ಹೋಯಿತೆಂದು ಅವರು ಇವತ್ತಿಗೂ ಕೇಳುತ್ತಾರೆ, ನಾನು ಇವತ್ತಿಗೂ ಮಾತು ಬದಲಿಸುತ್ತೇನೆ. ಅರಿಷಿಣ, ಎಣ್ಣೆ, ಶೇಂಗಾ ಚಟ್ನಿಯ ಕಲೆಗಳಿಂದ ಮೂಲ ಬಣ್ಣವನ್ನೇ ಮರೆತಿರುವ ಆ ಅರಿವೆಯನ್ನು ಬಿಸಾಡಲು ನನಗೆ ಮನಸ್ಸು ಬಾರದಿರುವುದಕ್ಕೆ ಕಾರಣ ಪದ್ಮಕ್ಕ.

ತೊಂಬತ್ತರ ದಶಕ ಆಗತಾನೆ ಕಣ್ಣು ಬಿಡುತ್ತಿದ್ದ ದಿನಗಳವು. ಪಿಕ್‌ನಿಕ್ ಎಂಬ ಶಬ್ದ ಕೃಷ್ಣೆಯ ದಂಡೆಯ ನಮ್ಮೂರು ಜುಗೂಳಕ್ಕೆ ಇನ್ನೂ ನಾವೆ ಹತ್ತಿ ಬಂದಿರಲಿಲ್ಲ. ಆದರೆ ಮಿರಜದ ಪೇಟೆಯಿಂದ ಪ್ಲಾಸ್ಟಿಕ್ ಚೀಲಗಳು ಮಾತ್ರ ಕರೆಯದೆಯೇ ಬಂದು, ಜಾಲಿಕಂಟಿಗೆ ಸಿಕ್ಕಿಕೊಂಡು ಹಾರಾಡತೊಡಗಿದ್ದವು. ಅವುಗಳಲ್ಲೊಂದನ್ನು ನುಂಗಿದ ತಮ್ಮ ಎಮ್ಮೆ ಎರಡು ದಿನ ಒದ್ದಾಡಿದ್ದನ್ನು ಕಂಡ ಮೇಲೆ, ಪಕ್ಕದ ಮನೆಯ ಪದ್ಮಕ್ಕ ಆ ಚೀಲಗಳನ್ನು ಹೊಸ್ತಿಲು ದಾಟಿಸುತ್ತಿರಲಿಲ್ಲ. ಅವರದು ತಲೆಮಾರುಗಳಿಂದ ಬೇರೂರಿದ ಜೈನ ಒಕ್ಕಲು ಮನೆತನ, ನಮ್ಮದು ಕಬ್ಬು ಬೆಳೆಯುವ ಹಿಂದೂ ಮನೆ. ನಡುವೆ ಇದ್ದದ್ದು ಎದೆಮಟ್ಟದ ಒಂದು ಮಣ್ಣಿನ ಗೋಡೆ. ನಾನು ಸೊಸೆಯಾಗಿ ಬಂದ ಮರುದಿನವೇ ಆ ಗೋಡೆಯ ಮೇಲಿನಿಂದ ಒಂದು ಬಟ್ಟಲು ಹುಗ್ಗಿ ಇಳಿದು ಬಂದಿತ್ತು. ಆಮೇಲೆ ಹತ್ತು ವರ್ಷ ಬಟ್ಟಲುಗಳು ಬರುತ್ತಲೇ ಇದ್ದವು. ನನ್ನ ಕಡೆಯಿಂದ ಮಾತ್ರ ಅವು ಬರಿದಾಗಿಯೇ ಹಿಂದಿರುಗುತ್ತಿದ್ದವು. ನಮ್ಮ ಮನೆಯಲ್ಲಿ ಉಳ್ಳಾಗಡ್ಡಿ, ಬಳ್ಳೊಳ್ಳಿ ಮುಟ್ಟದ ಪಾತ್ರೆಯೇ ಇರಲಿಲ್ಲ, ಅವರಿಗೆ ಅವೆರಡೂ ವರ್ಜ್ಯ. ಅವರಿಗೆ ಒಂದು ಹೊತ್ತೂ ಉಣಿಸಲಾಗಲಿಲ್ಲವೆಂಬ ಕೊರಗು ನನ್ನ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಉಳಿದಿತ್ತು. ಸಸ್ಯಾಹಾರಿಯ ವಿಷಯಕ್ಕೆ ಈ ಹೋಲಿಕೆ ಸಲ್ಲದು, ಕ್ಷಮಿಸಿ.

ಅಂಥದ್ದರಲ್ಲಿ ಒಂದು ಮುಂಜಾನೆ ಪದ್ಮಕ್ಕ ಗೋಡೆಗೆ ಮೊಣಕೈ ಊರಿ, ಮುಂದಿನ ಹುಣ್ಣಿಮೆಯಿಂದ ತಾವೇ ಸೇದಿದ ನೀರು, ತಾವೇ ಮಾಡಿದ ಅಡಿಗೆ ಬಿಟ್ಟು ಬೇರೇನನ್ನೂ ಮುಟ್ಟುವುದಿಲ್ಲವೆಂಬ ನೇಮ ಹಿಡಿಯುತ್ತಿರುವುದಾಗಿ ಹೇಳಿದರು.

"ಹುಣ್ಣಿಮಿ ಒಳಗ ನನ್ನ ಕೈಯಾಂದು ಒಮ್ಮಿ ಉಣ್ರಿ ಅಕ್ಕಾರ. ನಮ್ಮ ಹೊಳಿದಂಡಿ ಹೊಲಕ್ಕ ಬುತ್ತಿ ಕಟಗೊಂಡು ಹೋಗೂಣು," ಎಂದೆ.

ಅವರು ನಕ್ಕರು. "ಬರ್ತೀನಿ. ಆದ್ರ ನಂದು ಹಾಲು, ಮಸರು, ತುಪ್ಪನೂ ಬಿಟ್ಟಾಗೇತಿ ನೋಡವಾ. ಕರ ಬಾಯಿ ಹಾಕೂದರಾಗ ನಾವು ಚರಗಿ ಹಿಡೀತೀವಿ, ಯಾಕೋ ಮನಸ್ಸಿಗೆ ಬರವಲ್ದು."

ಹೀಗೆ ಶುರುವಾಯಿತು ನನ್ನ ಮಹಾಯೋಜನೆ. ಬೇಕಾದದ್ದನ್ನು ಕೂಡಿಸುತ್ತ ಹೋಗುವುದು ಲೋಕದ ರೂಢಿ; ನಾನು ಬೇಡವಾದದ್ದನ್ನು ಕಳೆಯುತ್ತ ಹೋದೆ. ನೆಲದೊಳಗಿನ ಗಡ್ಡೆಗಳೆಲ್ಲ ಹೋದವು. ಬದನೆಕಾಯಿ ಬಹುಬೀಜದ ಅಪರಾಧಕ್ಕಾಗಿ ಹೊರಬಿತ್ತು. ಜೇನು ಹುಳುಗಳ ಸ್ವತ್ತೆಂದು ತಿಳಿಯಿತು. ಮಸರಿಲ್ಲದ ಬುತ್ತಿ ಎಂಬ ಸುದ್ದಿ ನಮ್ಮತ್ತೆಯ ಕಿವಿಗೆ ಬಿದ್ದಾಗ ಅವರು ಕಾಳು ಹಸನು ಮಾಡುತ್ತಿದ್ದ ಮೊರವನ್ನೇ ಕೆಳಗಿಟ್ಟರು.

"ಮಸರಿಲ್ಲ, ತುಪ್ಪಿಲ್ಲ, ಉಳ್ಳಾಗಡ್ಡಿ ಇಲ್ಲ. ಹೊಳಿದಂಡಿಗೆ ಹೋಗಿ ಗಾಳಿ ತಿಂದು ಬರೂದೇನ?"

ಕೊನೆಗೆ ಜರಡಿಯಲ್ಲಿ ಉಳಿದದ್ದು ಖಡಕ್ ಜೋಳದ ರೊಟ್ಟಿ, ನೆಲದೊಳಗಿದ್ದರೂ ಗಡ್ಡೆಯಲ್ಲವೆಂದು ಪಾರಾದ ಶೇಂಗಾದ ಬಳ್ಳೊಳ್ಳಿ ಇಲ್ಲದ ಚಟ್ನಿ, ಹೆಸರುಕಾಳಿನ ಪಲ್ಯ ಮತ್ತು ಉಳ್ಳಾಗಡ್ಡಿ ಕಾಣದ ಕಡಲೆಹಿಟ್ಟಿನ ಜುಣಕ. ಆ ಜುಣಕವನ್ನು ರುಚಿ ನೋಡಿದ ನನ್ನ ಯಜಮಾನರು ಹತ್ತಿರದವರನ್ನು ಕಳೆದುಕೊಂಡವರಂತೆ ತಲೆಯ ಮೇಲೆ ಕೈ ಹೊತ್ತು ಕುಳಿತರು.

ಪದ್ಮಕ್ಕ ಹಾಕಿದ ಇನ್ನೊಂದು ಶರತ್ತೆಂದರೆ ಹೊಲದಲ್ಲಿ ನಮ್ಮ ಕುರುಹು ಏನೂ ಉಳಿಯಕೂಡದು. ಒಂದು ಅಗುಳು ಚೆಲ್ಲಬಾರದು, ಒಂದು ತುತ್ತು ಮಿಗಬಾರದು. ಪ್ಲಾಸ್ಟಿಕ್ಕಂತೂ ದೂರವೇ ಉಳಿಯಿತು. ಮುತ್ತಲ ಎಲೆಯ ಪತ್ರಾವಳಿಯನ್ನು ಉಂಡ ಮೇಲೆ ಗೊಬ್ಬರದ ಗುಂಡಿಗೆ ಹಾಕುವುದೆಂದು ನಿರ್ಣಯವಾಯಿತು. ಚಕ್ಕಡಿ ಬೇಡ, ಎತ್ತಿಗೇಕೆ ಭಾರ ಎಂದರು. ಭಾರವೆಲ್ಲ ನನ್ನ ತಲೆಗೆ ಬಂತು. ಸಣ್ಣ ಜೀವಗಳು ಹೊಟ್ಟೆಗೆ ಹೋಗದಿರಲೆಂದು ಮನೆಯಲ್ಲಿ ಬಾವಿಯ ನೀರನ್ನು ಸೋಸಿದ ಅರಿವೆಯನ್ನು ಹೊಳೆಯಲ್ಲಿ ಜಾಲಿಸಿದರಾಯಿತೆಂದು ನಾನು ಅಂದುಕೊಂಡಿದ್ದರೆ, ಬಾವಿಯ ಜೀವಗಳನ್ನು ಹೊಳೆಗೆ ಒಯ್ದು ಬಿಟ್ಟರೆ ಅವಕ್ಕೆ ಪರದೇಶವಾಗುತ್ತದೆಂದು ಪದ್ಮಕ್ಕ ಮರುಗಿದರು. ಯಜಮಾನರು ಹಸಿ ಅರಿವೆಯನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣಿಗೆ ಕಾಣದ ಆ ಸಂಸಾರವನ್ನು ಊರ ಬಾವಿಗೆ ಮುಟ್ಟಿಸಿ ಬಂದರು. ದಾರಿಯಲ್ಲಿ ಯಾರೋ ಏನೆಂದು ಕೇಳಿದ್ದಕ್ಕೆ ಏನೂ ಇಲ್ಲವೆಂದರಂತೆ. ಅದು ಸುಳ್ಳೂ ಅಲ್ಲ.

ಏನೂ ಮಿಗಬಾರದೆಂದು ನಾನು ರೊಟ್ಟಿಗಳನ್ನು ಎಣಿಸಿಯೇ ಬಡಿದೆ. ಯಜಮಾನರಿಗೆ ನಾಲ್ಕು, ಪದ್ಮಕ್ಕನಿಗೆ ಮೂರು, ಅತ್ತೆಗೆ ಎರಡು, ನನಗೆ ಎರಡು, ಒಟ್ಟು ಹನ್ನೊಂದು. ಗೆಳೆಯರೇ, ನಮ್ಮ ಸೀಮೆಯಲ್ಲಿ ಹುಟ್ಟಿ ಬೆಳೆದವಳೊಬ್ಬಳು ಎಣಿಸಿ ಬುತ್ತಿ ಕಟ್ಟಿದಳೆಂದರೆ ಅವಳ ಬುದ್ಧಿಗೆ ಗ್ರಹಣ ಹಿಡಿದಿತ್ತೆಂದೇ ಅರ್ಥ. ಹೊಲದಲ್ಲಿ ಬುತ್ತಿ ಬಿಚ್ಚಿದ ಮೇಲೆ ಕಣ್ಣಿಗೆ ಬಿದ್ದವರನ್ನು ಊಟಕ್ಕೆ ಕರೆಯದೆ ತುತ್ತು ಎತ್ತುವ ಪದ್ಧತಿ ನಮ್ಮಲ್ಲಿಲ್ಲ. ಹಾಲನ್ನೂ ಬೆಣ್ಣೆಯನ್ನೂ ಲೆಕ್ಕಕ್ಕೆ ಹಿಡಿದ ನಾನು ಇದೊಂದನ್ನೇ ಮರೆತಿದ್ದೆ.

ಸುಗ್ಗಿಯ ಕಾಲ. ಕೃಷ್ಣೆ ತೆಳ್ಳಗಾಗಿ ಹರಿಯುತ್ತಿದ್ದಳು, ಪಕ್ಕದ ಹೊಲದಲ್ಲಿ ಕಬ್ಬಿನ ಕಟಾವು ನಡೆದಿತ್ತು. ಬೇವಿನ ನೆರಳಲ್ಲಿ ಈ ಅರಿವೆಯನ್ನು ಬಿಚ್ಚಿದ್ದೇ ತಡ, ನಮ್ಮತ್ತೆ ಹಣೆಗೆ ಕೈ ಅಡ್ಡ ಹಿಡಿದು ಸುತ್ತ ನೋಡಿದರು. ದಂಡೆಯಲ್ಲಿ ನಾವೆ ಕಟ್ಟುತ್ತಿದ್ದ ಅಂಬಿಗ ಮೊದಲು ಸಿಕ್ಕ.

"ಬಾರೋ ಮಲ್ಲಪ್ಪಾ, ಊಟಕ್ಕ ಬಾ!"

ಆಮೇಲೆ ಕಬ್ಬು ಕಡಿಯುತ್ತಿದ್ದ ಗಂಡಹೆಂಡತಿ ಸಿಕ್ಕರು. ಅವರು ಗಡಿಯಾಚೆಯಿಂದ ಬಂದ ಮರಾಠಿಗರು, ಅತ್ತೆ ಕೂಡಲೇ ಭಾಷೆ ಬದಲಿಸಿ, "ಯಾ ಯಾ, ಜೇವಾಯ್ಲಾ ಯಾ!" ಎಂದು ಅವರನ್ನೂ ಕೂಗಿದರು.

ಬಂದವರು ಬರಿಗೈಲಿ ಬರಲಿಲ್ಲ, ಅದೇ ದೊಡ್ಡ ಫಜೀತಿಯಾಯಿತು. ನಮ್ಮ ಸೀಮೆಯಲ್ಲಿ ಕರೆಯುವವರಿಗೆ ಇರುವಂತೆ ಬರುವವರಿಗೂ ಪದ್ಧತಿಯಿದೆ. ಕಬ್ಬಿನವನು ಬಳ್ಳೊಳ್ಳಿ ಹಾಕಿ ಕುಟ್ಟಿದ ಹಸಿಮೆಣಸಿನಕಾಯಿ ಠೇಚಾ ತೆಗೆದಿಟ್ಟ. ಮಲ್ಲಪ್ಪ ತನ್ನ ಡಬ್ಬಿ ಬಿಚ್ಚಿ, ಅಭಿಮಾನದಿಂದ ನಡುವೆ ಇಟ್ಟು, "ಒಣ ಮೀನಿನ ಚಟ್ನಿರಿ ಬಾಯಾರ, ನಮ್ಮಾಕಿ ಭಾಳ ಚಲೋ ಮಾಡ್ತಾಳ" ಎಂದ.

ವಾಸನೆ ಬೇವಿನ ಮರವನ್ನೆಲ್ಲ ಸುತ್ತಿತು. ಭೂಮಿ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಪದ್ಮಕ್ಕ ಮಾತ್ರ ಸೆರಗು ಸರಿಪಡಿಸಿಕೊಂಡು ಗಾಳಿ ಬರುವ ಮಗ್ಗುಲಿಗೆ ಸರಿದು ಕುಳಿತು, "ಆಕಿ ಕೈಯಾಗ ರುಚಿ ಇದ್ದೀತು, ನೀವು ಉಣ್ರಿ. ನಮಗ ನೇಮ ಐತಿ" ಎಂದು ಹೇಳಿ, ನಮ್ಮ ರೊಟ್ಟಿಯನ್ನು ಅವನ ಎಲೆಗೆ ತಾವೇ ಬಡಿಸಿದರು.

ಮಲ್ಲಪ್ಪ ಮೂರು ರೊಟ್ಟಿ ಉಂಡ. ಕಬ್ಬಿನವನೂ ಮೂರು ಉಂಡ. ನನ್ನ ಮುಖ ನೋಡಿದ ಯಜಮಾನರು ಎರಡಕ್ಕೇ ಕೈ ತೊಳೆದರು, ಅತ್ತೆ ಒಂದಕ್ಕೇ ಸಾಕೆಂದರು. ಉಳ್ಳಾಗಡ್ಡಿಯಿಲ್ಲದ ಜುಣಕವನ್ನು ಅಂಬಿಗ ಎರಡು ಸಲ ಹಾಕಿಸಿಕೊಂಡದ್ದು ನನ್ನ ಜೀವನದ ದೊಡ್ಡ ಗೌರವಗಳಲ್ಲೊಂದು. ಆದರೆ ಆ ಕ್ಷಣದಲ್ಲಿ ನನ್ನ ಕಣ್ಣಿದ್ದದ್ದು ಅರಿವೆಯ ಮೇಲೆ ಉಳಿದ ಎರಡು ರೊಟ್ಟಿಗಳ ಮೇಲೆ. ಎರಡಾದರೂ ಉಳಿದವಲ್ಲ, ಪದ್ಮಕ್ಕನಿಗೆ ಅಷ್ಟಾದರೂ ಆಯಿತಲ್ಲ ಎಂದುಕೊಂಡೆ.

ಆಗ ಪದ್ಮಕ್ಕನ ದೃಷ್ಟಿ ಕಬ್ಬಿನವನ ಹೆಂಡತಿಯ ಮೇಲೆ ಬಿತ್ತು. ಗಂಡ ಉಂಡೇಳುವ ತನಕ ಅವಳು ದೂರದಲ್ಲಿ ಕುಡಗೋಲು ಹಿಡಿದು ಕುಕ್ಕರಗಾಲಲ್ಲಿ ಕುಳಿತಿದ್ದಳು. ಅವಳನ್ನು ಕೈ ಹಿಡಿದು ಕರೆತಂದು ಎಲೆಯ ಮುಂದೆ ಕೂರಿಸಿ, ಎರಡೂ ರೊಟ್ಟಿಗಳನ್ನು ಪದ್ಮಕ್ಕ ಅವಳಿಗೇ ಬಡಿಸಿಬಿಟ್ಟರು. ಅವಳು ತಲೆ ಎತ್ತದೆ ಉಂಡಳು, ಹೊಟ್ಟೆತುಂಬ ನೀರು ಕುಡಿದು ಕೆಲಸಕ್ಕೆ ಹೋದಳು. ನನಗೆ ಹಸಿವೂ ಆಗಿತ್ತು, ಸಿಟ್ಟೂ ಬಂದಿತ್ತು. ಎರಡೂ ಕೂಡಿ ಕಣ್ಣಲ್ಲಿ ನೀರಾಗಿ ಬಂದವು.

"ಹತ್ತು ವರ್ಷದಿಂದ ಕಾಯ್ದೀನ್ರಿ ಅಕ್ಕಾರ. ನಿಮ್ಮ ಸಲುವಾಗಿನ ಇಷ್ಟೆಲ್ಲಾ ಮಾಡಿದ್ನಿ."

ಪದ್ಮಕ್ಕ ಅರಿವೆಯ ನಾಲ್ಕೂ ಚುಂಗುಗಳನ್ನು ಎತ್ತಿ, ನಡುವೆ ಕೂಡಿಬಂದ ರೊಟ್ಟಿಯ ಮುರುಕುಗಳನ್ನು ಅಂಗೈಗೆ ಸುರಿದುಕೊಂಡರು. ಮಡಿಕೆಯಲ್ಲಿ ಅವಿತಿದ್ದ ಚಿಟಿಕೆ ಶೇಂಗಾ ಚಟ್ನಿಯನ್ನೂ ಬೆರಳಿಂದ ಒರೆಸಿ ತೆಗೆದರು. ಅದರಲ್ಲಿ ಅರ್ಧವನ್ನು ನನ್ನ ಅಂಗೈಗೆ ಹಾಕಿ, ಉಳಿದದ್ದನ್ನು ನಿಧಾನವಾಗಿ, ಮದುವೆಯ ಊಟ ಉಣ್ಣುವವರಂತೆ ಒಂದೊಂದೇ ಚೂರನ್ನು ಅಗಿದು ತಿಂದರು.

"ರೊಟ್ಟಿ ಚಲೋ ಆಗ್ಯಾವ ಶಾಂತಾ. ಚಟ್ನಿಗೆ ಉಪ್ಪು ಒಂಚೂರು ಮುಂದಾಗೇತಿ."

ನಾನು ಅಳುತ್ತಲೇ ನಕ್ಕೆ. "ನಿಮ್ಮ ಸಲುವಾಗಿ ಮಾಡಿದ್ದು ನಿಮಗ ಸಿಗಲಿಲ್ಲಲ್ರಿ!"

"ನನ್ನ ಸಲುವಾಗಿ ಮಾಡಿದ್ದು ಅಂತ ಗೊತ್ತೈತಿ," ಎಂದರು ಪದ್ಮಕ್ಕ, ಅಂಗೈಗೆ ಅಂಟಿದ ಕೊನೆಯ ನುಚ್ಚನ್ನು ನಾಲಗೆಯಿಂದ ತೆಗೆಯುತ್ತ. "ಅದಕ್ಕ ಚೂರೂ ಬಿಡಲಿಲ್ಲ."

ಹುಣ್ಣಿಮೆ ಬಂತು, ಪದ್ಮಕ್ಕ ನೇಮ ಹಿಡಿದರು. ಗೋಡೆಯ ಮೇಲಿಂದ ಬಟ್ಟಲುಗಳು ಮೊದಲಿನಂತೆಯೇ ಬಂದವು, ಮೊದಲಿನಂತೆಯೇ ಬರಿದಾಗಿ ಹಿಂದಿರುಗಿದವು. ಆದರೆ ಬರಿಯ ಬಟ್ಟಲನ್ನು ತಿರುಗಿ ಕೊಡುವಾಗ ನನಗೆ ಮುಜುಗರವಾಗುವುದು ನಿಂತಿತ್ತು. ಅವರು ತೀರಿಹೋಗಿ ಈಗ ಬಹಳ ಕಾಲವಾಯಿತು.

ಈಗಲೂ ಹೊಲಕ್ಕೆ ಹೋಗುವ ದಿನ ಗೂಟದಿಂದ ಈ ಅರಿವೆ ಇಳಿಯುತ್ತದೆ. ಲೆಕ್ಕಕ್ಕೆ ಮೂರು ರೊಟ್ಟಿ ಹೆಚ್ಚು ಹಾಕಿ, ಬಳ್ಳೊಳ್ಳಿ ಇಲ್ಲದ ಒಂದಿಷ್ಟು ಶೇಂಗಾ ಚಟ್ನಿಯನ್ನು ಬೇರೆ ಗಂಟಿನಲ್ಲಿ ಕಟ್ಟುತ್ತೇನೆ. ಯಾರಿಗೆಂದು ಯಜಮಾನರು ಕೇಳುವುದಿಲ್ಲ. ಧೋತರದ ಇನ್ನರ್ಧದ ವಿಷಯವನ್ನಷ್ಟೇ ಕೇಳುತ್ತಾರೆ. ದಾರಿಯಲ್ಲಿ ಸಿಕ್ಕ ಯಾರೋ ಅವನ್ನು ಉಂಡು ಹೋಗುತ್ತಾರೆ. ಎಲ್ಲರೂ ಎದ್ದ ಮೇಲೆ ನಾನು ನಾಲ್ಕೂ ಚುಂಗು ಎತ್ತಿ ಮುರುಕುಗಳನ್ನು ಅಂಗೈಗೆ ಸುರಿದುಕೊಂಡು ಬಾಯಿಗೆ ಹಾಕಿಕೊಳ್ಳುತ್ತೇನೆ. ಉಪ್ಪು ಈಗಲೂ ಒಂಚೂರು ಮುಂದೇ ಇರುತ್ತದೆ.