ಮಿಶ್ರಿ ಹಲ್ಲಿನ ಅವ್ವ

ನಮ್ಮ ಅವ್ವನ ಹಲ್ಲು ಕಪ್ಪಗಿದ್ದವು. ಇದನ್ನು ಮೊದಲೇ ಬರೆದಿಟ್ಟುಬಿಡುತ್ತೇನೆ, ನಾಳೆ ನಾನೇ ಬೇರೆ ಹೇಳಿಯೇನು. ನಿಪ್ಪಾಣಿಯ ತಂಬಾಕಿನ ಗೋದಾಮಿನಲ್ಲಿ ಅವಳು ಎಲೆ ಆರಿಸುತ್ತಿದ್ದಳು. ಬೆಳಗ್ಗೆ ಎದ್ದರೆ ಚಹಾಕ್ಕಿಂತ ಮೊದಲು ಅವಳಿಗೆ ಮಿಶ್ರಿ ಬೇಕು. ಮಿಶ್ರಿ ಅಂದರೆ ತಂಬಾಕನ್ನು ಹಂಚಿನ ಮೇಲೆ ಕರ್ರಗೆ ಹುರಿದು ಮಾಡಿದ ಪುಡಿ. ನಮ್ಮ ಗಡಿಭಾಗದ ಆಗಿನ ಹೆಣ್ಣುಮಕ್ಕಳು ಅದನ್ನು ಬೆರಳಿನಿಂದ ಹಲ್ಲಿಗೆ ತಿಕ್ಕುತ್ತಿದ್ದರು. ಹುರಿದು ಕುಟ್ಟಿ ಡಬ್ಬಿ ತುಂಬಿಡುವ ಕೆಲಸ ನನ್ನ ಅಕ್ಕನದು. ಆ ಘಾಟಿಗೆ ಓಣಿಯೆಲ್ಲ ಕೆಮ್ಮುತ್ತಿತ್ತು.

"ನಿನ್ನ ಮಿಶ್ರಿಗಿಷ್ಟು ಬೆಂಕಿ ಹಚ್ಚಲಿ!" ಎಂದು ಎದುರುಮನೆಯವಳು ಬೈದರೆ ಅವ್ವ, "ಬೆಂಕಿ ಹಚ್ಚೇ ಹುರಿಯಾಕತ್ತೀವಿ ಬೇ, ನಿನಗೂ ಒಂದು ಚಿಟಿಕಿ ಕೊಡ್ತೀನಿ ಬಾ" ಅನ್ನುತ್ತಿದ್ದಳು. ಅಂದು ನಗುತ್ತಿದ್ದಳು. ನಗುವಾಗ ಸೆರಗಿನ ತುದಿ ಬಾಯಿಗೆ ಬರುತ್ತಿತ್ತು, ಆದರೆ ನಗು ಜೋರಾದರೆ ಸೆರಗು ಜಾರಿ ಆ ಕರಿ ಹಲ್ಲು ಕಾಣುತ್ತಿದ್ದವು.

ಅವಳ ಫೋಟೊ ಇದ್ದದ್ದು ಒಂದೇ. ಅವಳು ಹೋದ ಮೇಲೆ ಅದು ಜುಗೂಳದಲ್ಲಿ ಅಕ್ಕನ ಮನೆಯಲ್ಲಿತ್ತು. ಕೃಷ್ಣಾ ಹೊಳೆ ಉಕ್ಕಿ ಮನೆಯೊಳಗೆ ಬಂದ ವರ್ಷ ಟ್ರಂಕಿನ ಸಮೇತ ನೆನೆದು, ಒಣಗಿಸಿದಾಗ ಫೋಟೊದಲ್ಲಿ ಸೀರೆಯ ಅಂಚೊಂದು ಬಿಟ್ಟರೆ ಏನೂ ಉಳಿದಿರಲಿಲ್ಲ. ಅಪ್ಪ ಮೊದಲೇ ಹೋಗಿದ್ದ. ಗೋದಾಮಿನ ಗೆಳತಿಯರೂ ಒಬ್ಬೊಬ್ಬರಾಗಿ ಹೋದರು. ಅಲ್ಲಿಂದೀಚೆಗೆ ಅವ್ವನ ಮುಖ ಇದ್ದದ್ದು ಅಕ್ಕನ ಮತ್ತು ನನ್ನ ತಲೆಯೊಳಗೆ ಮಾತ್ರ.

ಅಕ್ಕನ ಮಗಳಿಗೆ ಅಥಣಿಯ ಕಡೆ ಗಂಡು ಗೊತ್ತಾಯಿತು. ಬೀಗರು ದ್ರಾಕ್ಷಿ ತೋಟದವರು, ದೊಡ್ಡ ಜನ. ಹುಡುಗಿಗೆ ಉಣ್ಣುವಾಗಲೂ ಅನಿಮೆ ಬೇಕು. ಅನಿಮೆ ಅಂದರೆ ಜಪಾನಿನವರ ಶೈಲಿಯ ಚಿತ್ರದ ಸಿನಿಮಾ. ಅದರಲ್ಲಿ ಎಲ್ಲರಿಗೂ ಎಮ್ಮೆಕರುವಿನ ಕಣ್ಣು. ಒಂದು ದಿನ ಚಿಕ್ಕಮ್ಮನಾದ ನನಗೆ ಫೋನು ಮಾಡಿದಳು.

"ಮಾವಶಿ, ಲಗ್ನದಾಗ ದೊಡ್ಡ ಪರದೆ ಹಾಕಸ್ತಾರ. ಅಜ್ಜಿ ನಮಗ ಅಕ್ಕಿಕಾಳು ಹಾಕೂ ಹಂಗ ಒಂದು ಅನಿಮೆ ವಿಡಿಯೊ ಮಾಡಿಕೊಡು."

"ಚಿಕ್ಕೋಡ್ಯಾಗ ಜಂಪರ್ ಹೊಲಿಯಾಕಿ ನಾ. ನನಗೇನು ತಿಳೀತೈತಿ ಅದು?"

"ಎಐಗೆ ಹೇಳಿದ್ರ ಅದ ಮಾಡತೈತಿ. ನಾನ ಮಾಡ್ತಿದ್ನಿ, ಆದ್ರ ಅಜ್ಜೀನ್ನ ನಾ ನೋಡೇ ಇಲ್ಲ. ನೀ ನೋಡೀದಿ."

ಈ ಮಾತಿಗೆ ನಾನು ಸೋತೆ. ಮಧ್ಯಾಹ್ನ ಗಿರಾಕಿ ಕಡಿಮೆ ಇರುವಾಗ ಹೊಲಿಗೆ ಯಂತ್ರಕ್ಕೆ ಫೋನು ಒರಗಿಸಿ, ಹೊಸಬರಿಗೆ ಕಲಿಸುವ ಹಿಂದಿ ವಿಡಿಯೊ ನೋಡಲು ಕೂತೆ. ನೋಡುತ್ತ ನೋಡುತ್ತ ಗೊತ್ತಾಯಿತು, ಇದೂ ಹೊಲಿಗೆಯ ಹಾಗೆಯೇ. ಮೊದಲು ಮನುಷ್ಯರ ಒಂದು ಚಿತ್ರ ಮಾಡಿಸಿಕೊಳ್ಳಬೇಕು. ಅದು ಗಿರಾಕಿ ಅಳತೆಗೆಂದು ಕೊಡುವ ಹಳೆಯ ಜಂಪರ್ ಇದ್ದ ಹಾಗೆ. ಆಮೇಲೆ ಪ್ರತಿ ತುಣುಕಿಗೂ ಅದೇ ಚಿತ್ರ ಕೊಟ್ಟು, ಇವಳು ನಡೆಯಲಿ, ಇವಳು ನಗಲಿ ಎಂದು ಬರೆಯಬೇಕು. ಇಲ್ಲದಿದ್ದರೆ ತುಣುಕಿಗೊಂದು ಮುಖ ಬರುತ್ತದೆ. ಕೊನೆಗೆ ತುಣುಕೆಲ್ಲ ಜೋಡಿಸಬೇಕು. ನನ್ನ ಕಷ್ಟ ಒಂದೇ, ಅಳತೆಗೆ ಕೊಡಲು ನನ್ನ ಹತ್ತಿರ ಏನೂ ಇರಲಿಲ್ಲ. ಬಾಯಿಮಾತೇ ಅಳತೆ.

ಮೊದಲು ಬಂದವಳು ಜಪಾನಿನ ನಿಲುವಂಗಿ ತೊಟ್ಟಿದ್ದಳು. ಕಚ್ಚೆ ಹಾಕಿ ಉಟ್ಟ ಇಳಕಲ್ ಸೀರೆ ಎಂದು ಬರೆದೆ. ಕತ್ತಿ ಹಿಡಿದ ರಾಣಿ ಬಂದಳು. ಯವ್ವಾ, ನಮ್ಮವ್ವ ಕುಡುಗೋಲಿಗಿಂತ ದೊಡ್ಡದನ್ನು ಕೈಯಲ್ಲಿ ಹಿಡಿದವಳಲ್ಲ! ಕಪ್ಪು ಹಲ್ಲು ಎಂದೆ, ಕೋರೆಯ ರಾಕ್ಷಸಿ ಬಂದಳು. ತಂಬಾಕಿನಿಂದ ಕಪ್ಪಾದ ಹಲ್ಲು ಎಂದೆ, ಬಾಯಲ್ಲಿ ಸಿಗರೇಟು ಇಟ್ಟುಕೊಂಡು ಒಬ್ಬ ಹುಡುಗಿ ಬಂದಳು. "ಹಾಳಾಗಿ ಹೋಗ" ಎಂದು ಫೋನಿಗೆ ಬೈದೆ. ಜಂಪರ್ ಒಯ್ಯಲು ಬಂದ ಗಿರಾಕಿ ತನಗೇ ಅಂದೆನೇನೋ ಎಂದು ಮುಖ ಊದಿಸಿಕೊಂಡಳು.

ಬರೆದೆ, ಅಳಿಸಿದೆ, ಮತ್ತೆ ಬರೆದೆ. ಒಂದು ದಿನ ಬಂದುಬಿಟ್ಟಳು. ಕಣ್ಣು ಅದೇ ಎಮ್ಮೆಕರುವಿನದು, ಬಣ್ಣ ನಮ್ಮ ಬಣ್ಣಕ್ಕಿಂತ ತಿಳಿ, ಅದೆಲ್ಲ ನಿಜ. ಆದರೆ ಸೆರಗಿನ ತುದಿ ಬಾಯಿಂದ ಅರ್ಧ ಜಾರಿತ್ತು, ಹಿಂದೆ ಕರಿ ಹಲ್ಲು, ಒಂದು ಗಲ್ಲ ಮಾತ್ರ ಮೇಲೇರುವ ಆ ನಗು. ಅಂಗಡಿಯಲ್ಲಿ ಮಿಶ್ರಿಯ ಘಾಟು ಬಂದಂತಾಗಿ ನಿಜವಾಗಿಯೂ ಕೆಮ್ಮಿದೆ. ಆಮೇಲೆ ಅಳು ಬಂತು.

ಕೂಡಲೇ ಅಕ್ಕನಿಗೆ ಕಳಿಸಿದೆ. ಅವಳೂ ಅಳುತ್ತಾಳೆ ಅಂದುಕೊಂಡಿದ್ದೆ.

"ಅವ್ವನ ಹೌದು," ಅಂದಳು. "ಆದ್ರ ಇದು ಬ್ಯಾಡ ತಂಗಿ. ಬೀಗರ ಮುಂದ ಅಷ್ಟು ದೊಡ್ಡ ಪರದೆ ಮ್ಯಾಲೆ ಕರಿ ಹಲ್ಲು ತೋರಸ್ತಿಯೇನ? ಮಂದಿ ನಗ್ತಾರ. ಅಕಿ ಬದುಕಿದ್ದಾಗ ಸೆರಗು ಮುಚ್ಚಿಕೊಂಡಾಕಿ, ಸತ್ತ ಮ್ಯಾಲೆ ನಾವು ತೆಗೆದು ತೋರಸೂದ?"

ಅವಳ ಮಾತೂ ತಪ್ಪಲ್ಲ. ಅದಕ್ಕೇ ನನಗೆ ಜಗಳ ಮಾಡಲು ಬರಲಿಲ್ಲ. ನಾನು ಜಗಳಗಂಟಿ ಎಂದು ಊರೆಲ್ಲ ಹೆಸರು, ಮಾಡಬೇಕಾದ ಒಂದೇ ಜಗಳವನ್ನು ಮಾಡಲಿಲ್ಲ.

ಹಲ್ಲು ಬೆಳ್ಳಗೆ ಮಾಡು ಎಂದು ಬರೆದೆ. ಅದಕ್ಕೆ ಅದೆಷ್ಟು ಸಲೀಸು! ಕರಿ ಹಲ್ಲಿಗೆ ಅಷ್ಟು ಕಾಡಿಸಿದ್ದು, ಬಿಳಿ ಹಲ್ಲನ್ನು ಕೇಳಿದ ಕೂಡಲೇ ಕೊಟ್ಟಿತು. ಜೊತೆಗೆ ಎರಡೂ ಗಲ್ಲ ಸಮ ಮಾಡಿ, ಹತ್ತು ವರ್ಷ ಚಿಕ್ಕವಳನ್ನಾಗಿಯೂ ಮಾಡಿತು. ಆ ಚಿತ್ರವನ್ನೇ ಅಳತೆಗೆ ಇಟ್ಟುಕೊಂಡು ಎಲ್ಲ ತುಣುಕು ಮಾಡಿದೆ. ತುಣುಕು ಇಳಿಸಿಕೊಳ್ಳುವಾಗ ಫೋನು ಜಾಗ ಇಲ್ಲ ಎಂದು ಬಡಿದುಕೊಂಡಿತು. ಹಳೆಯ ಚಿತ್ರಗಳನ್ನೆಲ್ಲ ಒಟ್ಟಿಗೆ ಆರಿಸಿ ಅಳಿಸಿದೆ. ರಾಣಿ, ರಾಕ್ಷಸಿ, ಸಿಗರೇಟಿನವಳು, ಅವ್ವ. ಬರೆದ ಮಾತು ನನಗೆ ಬಾಯಿಪಾಠ ಇದೆ, ಬೇಕಾದಾಗ ಬರೆದರೆ ಬರುತ್ತಾಳೆ ಎಂದುಕೊಂಡಿದ್ದೆ.

ಲಗ್ನದಲ್ಲಿ ಅವ್ವ ಪರದೆಯ ಮೇಲೆ ತಂಬಾಕಿನ ಹೊಲದ ಬದುವಿನಲ್ಲಿ ನಡೆದು ಬಂದಳು, ಸೆರಗು ಸರಿಪಡಿಸಿಕೊಂಡಳು, ಮುತ್ತಿನಂಥ ಹಲ್ಲು ತೋರಿಸಿ ನಕ್ಕು ಅಕ್ಕಿಕಾಳು ತೂರಿದಳು. ಮಂಟಪವೆಲ್ಲ ಚಪ್ಪಾಳೆ. ಮದುಮಗಳು ಅತ್ತಳು. "ನಿಮ್ಮ ತಾಯಾರು ಭಾಳ ಚೆಂದ ಇದ್ರಲ್ರಿ" ಎಂದು ಬೀಗಿತ್ತಿ ಅಂದಾಗ ಅಕ್ಕನ ಮುಖ ಹಿಗ್ಗಿತು. ಸುಳ್ಳು ಯಾಕೆ ಹೇಳಲಿ, ನಾನೂ ಹಿಗ್ಗಿದೆ.

ಅಂಗಡಿಗೆ ಮರಳಿದ ಮೇಲೆ ಆ ಮೊದಲಿನ ಮುಖ ನೋಡಬೇಕೆನಿಸಿತು. ಅಕ್ಕನಿಗೆ ಕಳಿಸಿದ್ದನ್ನು ಕೇಳಿದರೆ, ಬೀಗರ ಕಣ್ಣಿಗೆ ಬಿದ್ದೀತೆಂದು ಅವಳು ಅಂದೇ ಅಳಿಸಿದ್ದಳು. ಅದೇ ಮಾತು ಬರೆದೆ, ಒಂದಕ್ಷರ ಆಚೀಚೆ ಮಾಡಲಿಲ್ಲ. ಕಚ್ಚೆ ಸೀರೆಯ ಮುದುಕಿ ಬಂದಳು, ಚೆಂದದ ಮುದುಕಿಯೇ, ಆದರೆ ಯಾರದೋ ಅವ್ವ. ಮತ್ತೆ ಬರೆದೆ, ಮತ್ತೊಬ್ಬರ ಅವ್ವ. ಅದೇ ಮಾತಿಗೆ ಅದೇ ಮುಖ ಎರಡನೆಯ ಸಲ ಹುಟ್ಟುವುದಿಲ್ಲವೆಂದು ಆ ಹಿಂದಿ ವಿಡಿಯೊದವನು ಮೊದಲೇ ಹೇಳಿದ್ದನೋ ಏನೋ, ನಾನು ಕೇಳಿಸಿಕೊಂಡಿರಲಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರೆ. ಕುಂಬಾರನೂ ನಾನೇ, ದೊಣ್ಣೆಯೂ ನಾನೇ. ಈಗಲೂ ಕೆಲಸ ಬಿಟ್ಟು ಬರೆಯುತ್ತೇನೆ, ಬೇರೆಯವರ ಅವ್ವಂದಿರು ಬರುತ್ತಲೇ ಇದ್ದಾರೆ.

ಪಂಚಮಿಗೆ ಜುಗೂಳಕ್ಕೆ ಹೋಗಿದ್ದೆ. ಅಕ್ಕ ದಿನಾ ಬೆಳಗ್ಗೆ ದೇವರಿಗೆ ದೀಪ ಹಚ್ಚಿ, ಆ ವಿಡಿಯೊ ಒಮ್ಮೆ ನೋಡಿ, ಆಮೇಲೆ ಚಹಾ ಕುಡಿಯುತ್ತಾಳೆ. ನಾನೂ ಪಕ್ಕದಲ್ಲಿ ಕೂತು ನೋಡಿದೆ.

"ಅಕ್ಕಾ, ಅವ್ವ ನಗೂವಾಗ ಸೆರಗು ಯಾಕ ಬಾಯಿಗೆ ಹಿಡೀತಿದ್ಲು?"

"ನಾಚಿಕಿಗೆ. ಹಲ್ಲು ನೋಡಲ್ಲಿ ಎಷ್ಟು ಬೆಳ್ಳಗ ಅದಾವು. ದೃಷ್ಟಿ ಆದೀತಂತ ಮುಚ್ಚಿಕೊಳ್ತಿದ್ಲು."

"ಮಿಶ್ರಿ ಹುರೀತಿದ್ದಾಕಿ ನೀನ ಅಲ್ಲೇನ ಅಕ್ಕಾ?"

"ಹುರೀತಿದ್ನಿ ಖರೆ," ಎಂದಳು, ಕಣ್ಣು ಫೋನಿನಲ್ಲೇ ಇತ್ತು. "ಆದ್ರ ಅವ್ವನ ಹಲ್ಲು ಕರ್ರಗ ಇದ್ದಿಲ್ಲ ಬಿಡ. ನೀ ಸಣ್ಣಾಕಿ, ನಿನಗೇನ ನೆನಪಿರತೈತಿ?"

ಈ ಸಲವಾದರೂ ಜಗಳ ಮಾಡೋಣ ಎಂದು, ಅವ್ವನನ್ನು ಸರಿಯಾಗಿ ನೆನೆಸಿಕೊಂಡು ಹೇಳಲು ಕಣ್ಣು ಮುಚ್ಚಿದೆ. ಅವ್ವ ನಗುತ್ತ ಬಂದಳು, ಸೆರಗು ಜಾರಿತು. ಹಲ್ಲು ಬೆಳ್ಳಗಿದ್ದವು.