ಬೇಡ ಎಂದ ಗೊಂಬೆ

ಹಿಂದಿನ ಊರಿನ ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ಸೂಜಿಯಕ್ಕ ಎಂದೇ ಕರೆಯುತ್ತಿದ್ದರು. ಇಂಜೆಕ್ಷನ್ ಕೊಡುವುದರಲ್ಲಿ ಅವಳದು ಎತ್ತಿದ ಕೈ. "ಮಗಳ ಮದುವೆ ಆಯ್ತೇನಜ್ಜಿ?" ಎಂದು ಕೇಳುವಳು. ಅಜ್ಜಿ ಅಳಿಯನ ಗುಣಗಾನ ಶುರುಮಾಡುವಷ್ಟರಲ್ಲಿ ಸೂಜಿ ಒಳಗೆ ಹೋಗಿ, ಔಷಧಿ ಇಳಿದು, ಹತ್ತಿ ಒತ್ತಿಯೂ ಆಗಿರುತ್ತಿತ್ತು. ಬೇಡ ಬೇಡ ಎಂದು ರಂಪ ಮಾಡುವವರನ್ನೆಲ್ಲ ಅವಳ ತಲೆಗೇ ಕಟ್ಟುತ್ತಿದ್ದರು. ರೋಗಿಯ "ಬೇಡ"ವನ್ನು ಅವಳು ಕೆಮ್ಮು, ಸೀನುಗಳ ಸಾಲಿಗೆ ಸೇರಿಸಿದ್ದಳು. ಬರುತ್ತದೆ, ಹೋಗುತ್ತದೆ, ಅದಕ್ಕೆಲ್ಲ ಕೆಲಸ ನಿಲ್ಲಿಸಿಕೊಂಡು ಕೂರಲಾಗುತ್ತದೆಯೇ?

ಇಂಥ ಸೂಜಿಯಕ್ಕ ಗಂಡ ಮತ್ತು ಅತ್ತೆಯ ಜೊತೆ ಪರದೇಶಕ್ಕೆ ಬಂದಿಳಿದದ್ದೇ ತಡ, ನರ್ಸ್ ಅಲ್ಲದವಳಾದಳು. ಗಂಡ ಬಸ್ ಡ್ರೈವರ್. ಅವನಿಂದ ಗೋಡೆಯ ಮೇಲಿನ ಅಕ್ಷರ ಓದಿಸಿ, ರಸ್ತೆಯಲ್ಲಿ ಒಂದು ಸುತ್ತು ಹೊಡೆಸಿ, ಬಸ್ಸಿನ ತುಂಬ ಜನರನ್ನು ಅವನ ಕೈಗೆ ಒಪ್ಪಿಸಿಬಿಟ್ಟರು. ಅವಳ ಕೈಗೆ ಒಂದು ಸೂಜಿ ಒಪ್ಪಿಸಲು ಮಾತ್ರ ಇಲ್ಲಿನ ನರ್ಸಿಂಗ್ ಮಂಡಳಿಗೆ ಧೈರ್ಯ ಸಾಲಲಿಲ್ಲ. "ಇಂಥದ್ದೊಂದು ಕಾಲೇಜು ನಿಜವಾಗಿಯೂ ಇದೆಯೇ?" ಎಂದು ಮಂಡಳಿ ಕೇಳಿತು. ಕಾಲೇಜನ್ನು ವಿಚಾರಿಸಿದರೆ, "ಇಂಥವರೊಬ್ಬರು ನಿಜವಾಗಿಯೂ ಇಲ್ಲಿ ಓದಿದ್ದರೇ?" ಎಂದು ಅವಳನ್ನೇ ತಿರುಗಿ ಕೇಳಿತು. ಎದುರುಮನೆಗೆ ಬೇರೊಂದು ದೇಶದಿಂದ ಬಂದ ಹುಡುಗಿ, ಮೊನ್ನೆ ಮೊನ್ನೆ ಕೋರ್ಸ್ ಮುಗಿಸಿದವಳು, ಬಂದ ವಾರದಲ್ಲೇ ಯೂನಿಫಾರ್ಮ್ ತೊಟ್ಟು ಡ್ಯೂಟಿಗೆ ಹೋದಳು. ಆ ದೇಶಕ್ಕೂ ಈ ದೇಶಕ್ಕೂ ಅದೇನೋ ಒಪ್ಪಂದವಂತೆ. ಮನುಷ್ಯನ ತೋಳಿನಲ್ಲಿ ನರ ಎಲ್ಲಿದೆ ಎಂಬುದನ್ನೂ ಮಂತ್ರಿಗಳು ಸಹಿ ಹಾಕಿ ತೀರ್ಮಾನಿಸುತ್ತಾರೆಂದು ಸೂಜಿಯಕ್ಕನಿಗೆ ಆಗಲೇ ಗೊತ್ತಾದದ್ದು. ಹೊಟ್ಟೆ ಉರಿದುಹೋಯಿತು.

ನರ್ಸ್ ಎಂದು ನೋಂದಣಿ ಆಗುವವರೆಗೆ ಅವಳಿಗೆ ಸಿಕ್ಕಿದ್ದು ವಯಸ್ಸಾದವರ ಆರೈಕೆ ಕೇಂದ್ರದಲ್ಲಿ ಸಹಾಯಕಿಯ ಕೆಲಸ. ಹಾಸಿಗೆ ಹಾಸಬಹುದು, ಮೈ ಒರೆಸಬಹುದು, ಗಾಲಿಕುರ್ಚಿ ತಳ್ಳಬಹುದು. ಯಾರದಾದರೂ ಹಣೆ ಮುಟ್ಟಿ ಜ್ವರವೆಂದು ಗೊತ್ತಾದರೂ ಜ್ವರ ಎನ್ನುವಂತಿಲ್ಲ. "ಸ್ವಲ್ಪ ಬೆಚ್ಚಗಿದ್ದಾರೆ ಅನ್ಸುತ್ತೆ" ಎಂದು ನರ್ಸಿಗೆ ಹೇಳಿ, ಆ ನರ್ಸ್ ಬಂದು ಅದನ್ನು ಜ್ವರ ಮಾಡುವವರೆಗೆ ಕೈಕಟ್ಟಿ ನಿಲ್ಲಬೇಕು. ಕಾಗದಪತ್ರಗಳ ತಕರಾರು ಅಂತೂ ಮುಗಿದ ಮೇಲೆ ನೋಂದಣಿಗೆ ಉಳಿದಿದ್ದುದು ಕೊನೆಯ ಪ್ರಾಯೋಗಿಕ ಪರೀಕ್ಷೆಯೊಂದೇ. ಅದನ್ನು ಅವಳು ನೀರು ಕುಡಿದಷ್ಟು ಸುಲಭ ಎಂದುಕೊಂಡೇ ಹೋದಳು.

ಪರೀಕ್ಷೆಯ ಕೋಣೆಯಲ್ಲಿ ರಬ್ಬರಿನ ಗೊಂಬೆಯೊಂದು ಮಂಚದ ಮೇಲೆ ಮಲಗಿತ್ತು. ಪಕ್ಕದ ಕೋಣೆಯಲ್ಲಿ ಕೂತ ಒಬ್ಬಾತ ಸ್ಪೀಕರಿನ ಮೂಲಕ ಗೊಂಬೆಯ ಪರವಾಗಿ ಮಾತಾಡುತ್ತಿದ್ದ. ಸೂಜಿಯಕ್ಕ ಔಷಧಿ ತುಂಬಿಕೊಂಡು ಹತ್ತಿರ ಹೋದಳು. "ನನಗೆ ಇಂಜೆಕ್ಷನ್ ಬೇಡ" ಎಂದಿತು ಗೊಂಬೆ.

"ಬೇಡ್ವಾ? ಸರಿ ಬಿಡಿ ಅಜ್ಜ. ನಿಮ್ಮೂರು ಯಾವುದು?" ಎಂದಳು. ಗೊಂಬೆ ಊರು ಯಾವುದೆಂದು ಯೋಚಿಸುತ್ತಿರುವಾಗಲೇ ಚುಚ್ಚಿಬಿಟ್ಟಳು. ಪರೀಕ್ಷಕಿಯ ಪೆನ್ನು ಕೈಯಿಂದ ಜಾರಿತು. ಮೆಚ್ಚುಗೆಯಿಂದಲೇ ಜಾರಿತೆಂದು ಸೂಜಿಯಕ್ಕ ಬೀಗಿದಳು.

ಫಲಿತಾಂಶ ಬಂತು. ಫೇಲು. ಒಪ್ಪಿಗೆ ಇಲ್ಲದೆ ರೋಗಿಯ ಮೇಲೆ ಕೈ ಮಾಡಿದ್ದಾರೆ ಎಂದು ಕಾರಣ ಕೊಟ್ಟಿದ್ದರು. ಇನ್ನೊಂದೇ ಅವಕಾಶ, ಅದೂ ಕೈತಪ್ಪಿದರೆ ಬಾಗಿಲು ಮುಚ್ಚಿದಂತೆ. ಆಮೇಲೆ ಜೀವಮಾನವಿಡೀ ಹಾಸಿಗೆ ಹಾಸುವುದೇ.

"ನಮ್ಮನೆಯವಳು ರಬ್ಬರ್ ಗೊಂಬೆ ಮೇಲೆ ಹಲ್ಲೆ ಮಾಡಿ ಬಂದಿದ್ದಾಳೆ ಕಣಮ್ಮಾ!" ಎಂದು ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕ. ಸೂಜಿಯಕ್ಕ ಅಡುಗೆಮನೆಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟು ಅತ್ತಳು. ಅತ್ತೆಗೆ ಅದು ಕೇಳಿಸಿತು. ಮುದುಕಿ ಸೋಫಾದ ಮೇಲೆ ಅಂಗಾತ ಮಲಗಿ, "ಬಾರೇ, ನಾನೇ ಗೊಂಬೆ. ಅಭ್ಯಾಸ ಮಾಡು" ಎಂದು ಕೂಗಿದಳು.

ಸೊಸೆ ಕಣ್ಣೊರೆಸಿಕೊಂಡು ಬಂದು ಕೈ ಮುಂದೆ ಕಟ್ಟಿ ನಿಂತಳು. "ನಮಸ್ಕಾರ. ನಾನು ನಿಮ್ಮ ನರ್ಸ್. ನಿಮ್ಮನ್ನ ಏನಂತ ಕರೀಲಿ?"

"ಅತ್ತೆ ಅಂತ ಕರಿ. ಇಷ್ಟು ವರ್ಷ ಏನಂತ ಕರೀತಿದ್ದೆ?"

"ಅಯ್ಯೋ, ನೀವೀಗ ಗೊಂಬೆ ಅತ್ತೆ."

"ಗೊಂಬೆ ಆದ್ರೂ ನಿನಗೆ ಅತ್ತೆನೇ."

ನಾಡಿ ನೋಡಲೇ ಎಂದಳು ಸೊಸೆ. ಬೇಡ ಎಂದಳು ಅತ್ತೆ. ಬಿಪಿ ನೋಡಲೇ? ಬೇಡ. ದಿಂಬು ಸರಿಮಾಡಲೇ? ಅದೂ ಬೇಡ. ಸೂಜಿಯಕ್ಕನಿಗೆ ರೇಗಿತು. "ಒಂದಕ್ಕಾದ್ರೂ ಹೂಂ ಅನ್ನಿ ಅತ್ತೆ!"

"ಯಾಕೆ ಅನ್ಲಿ? ಜೀವಮಾನದಲ್ಲಿ ಮೊದಲ ಸಲ ನನ್ನನ್ನ ಒಂದು ಮಾತು ಕೇಳ್ತಿದ್ದೀರಿ. ಈ ದೇಶಕ್ಕೆ ಬರ್ತೀಯಾ ಅಂತ ಯಾರಾದ್ರೂ ಕೇಳಿದ್ರಾ? ಪೆಟ್ಟಿಗೆಗಳ ಜೊತೆ ನನ್ನನ್ನೂ ಎತ್ತಿ ಹಾಕ್ಕೊಂಡ್ರಿ. ಇರ್ಲಿ, ಬೇಡ ಅಂದವರನ್ನ ಹಾಗೇ ಬಿಟ್ಟು ಹೋಗೋದಾ ನಿಮ್ಮ ಪರೀಕ್ಷೇಲಿ? ಯಾಕೆ ಬೇಡ ಅಂತ ಕೇಳೋ ಪದ್ಧತಿ ಇಲ್ವಾ?"

"ಯಾಕೆ ಬೇಡ ಅತ್ತೆ?"

"ನಲ್ಲಿ ನೀರಲ್ಲಿ ಕೈಯಿಟ್ಟು ಬಂದಿದ್ದೀಯ. ಐಸ್ ಥರ ಇದೆ ನಿನ್ನ ಕೈ."

ಸೊಸೆ ಕೈಗಳನ್ನು ಉಜ್ಜಿ ಬಿಸಿಮಾಡಿಕೊಂಡು ಬಂದಳು. ಗೊಂಬೆ ಕೈ ನೀಡಿತು.

ಸೂಜಿಯಕ್ಕ ಎರಡನೆಯ ಸಲ ಪರೀಕ್ಷೆಯ ಕೋಣೆಗೆ ಹೋದಳು. ಮತ್ತದೇ ಗೊಂಬೆ, ಮತ್ತದೇ "ಬೇಡ". ಅವಳು ಸಿರಿಂಜನ್ನು ಟ್ರೇಯಲ್ಲಿ ಇಟ್ಟು, ಕುರ್ಚಿ ಎಳೆದುಕೊಂಡು ಕೂತಳು. "ಆಗಲಿ, ಕೊಡೋದಿಲ್ಲ. ಆದರೆ ಯಾಕೆ ಬೇಡ ಅಂತ ಹೇಳ್ತೀರಾ?"

ಸ್ಪೀಕರಿನೊಳಗಿಂದ, "ಯಾಕೆ ಅಂತ ಕೇಳ್ತಿದ್ದಾರೆ. ಏನಂತ ಹೇಳ್ಲಿ? ಇಲ್ಲಿ ಬರೆದಿಲ್ಲ" ಎಂಬ ಪಿಸುಮಾತು ಕೋಣೆಗೆಲ್ಲ ಕೇಳಿಸಿತು. ಪರೀಕ್ಷಕಿ ಗಂಟಲು ಸರಿಮಾಡಿಕೊಂಡು, "ಅದೆಲ್ಲ ಬೇಕಿಲ್ಲ, ಮುಂದಿನದಕ್ಕೆ ಹೋಗಿ" ಎಂದರು. ಸೂಜಿಯಕ್ಕ ಪಾಸಾದಳು. ಚುಚ್ಚದೇ ಇದ್ದದ್ದಕ್ಕೆ ಪೂರ್ತಿ ಅಂಕ, ಕೇಳಿದ್ದಕ್ಕೆ ಏನೂ ಇಲ್ಲ.

ಅದೇ ಆರೈಕೆ ಕೇಂದ್ರದಲ್ಲಿ ನರ್ಸ್ ಆಗಿ ಮೊದಲ ದಿನ. ಹೊಸ ಯೂನಿಫಾರ್ಮಿನ ಕಾಲರ್ ಕುತ್ತಿಗೆಗೆ ಒತ್ತುತ್ತಿತ್ತು, ಆದರೂ ಅವಳು ನೆಲದಿಂದ ಒಂದು ಗೇಣು ಮೇಲೆಯೇ ನಡೆಯುತ್ತಿದ್ದಳು. ಕಿಟಕಿ ಪಕ್ಕದ ಮಂಚದಲ್ಲಿ ನಿವೃತ್ತ ಪೋಸ್ಟ್‌ಮ್ಯಾನ್ ಒಬ್ಬರಿದ್ದರು. ಹೃದಯ ಸೋತು, ಊರೆಲ್ಲ ಸುತ್ತಿದ ಆ ಕಾಲುಗಳು ದಿಂಬಿನಂತೆ ಊದಿದ್ದವು. ಮೈಯ ನೀರಿಳಿಸುವ ಇಂಜೆಕ್ಷನ್ ಕೊಡಬೇಕಿತ್ತು. ಕೆಲವು ದಿನಗಳಿಂದ ಅವರು ಬೇಡ ಎನ್ನುತ್ತಿದ್ದರು, ನರ್ಸುಗಳು "ರೋಗಿ ಬೇಡ ಎಂದರು" ಎಂದು ಕಂಪ್ಯೂಟರಿನಲ್ಲಿ ಬರೆದು ಮುಂದಿನ ಮಂಚಕ್ಕೆ ಹೋಗುತ್ತಿದ್ದರು. ನಿಯಮ ಎಳ್ಳಷ್ಟೂ ತಪ್ಪಿರಲಿಲ್ಲ. ಅವರ ಊತ ಮಾತ್ರ ಮೊಣಕಾಲು ದಾಟಿ ಏರುತ್ತಿತ್ತು.

ಅವಳಿಗೂ ಅವರು ಬೇಡ ಎಂದರು. ಅವಳು ಕುರ್ಚಿ ಎಳೆದುಕೊಂಡಳು. "ಯಾಕೆ ಬೇಡ ಅಜ್ಜ?"

ಮುದುಕ ಕಿಟಕಿಯ ಕಡೆ ಮುಖ ತಿರುಗಿಸಿದರು. ಸೂಜಿಯಕ್ಕ ಏಳಲಿಲ್ಲ. "ಅದನ್ನ ತಗೊಂಡ್ರೆ ತಡೆಯೋಕಾಗಲ್ಲಮ್ಮ" ಎಂದರು ಕೊನೆಗೆ, ತಗ್ಗಿದ ದನಿಯಲ್ಲಿ. "ಗಂಟೆ ಒತ್ತಿದ್ರೆ ಯಾರೂ ಬರಲ್ಲ. ಹಾಸಿಗೆ ಒದ್ದೆ ಆಗುತ್ತೆ. ಹಾಸಿಗೆ ಬದಲಾಯಿಸೋ ಅಕ್ಕ ಒಬ್ಬಳಿದ್ದಾಳೆ, ಅವಳು ಬೈತಾಳೆ. ನಾಯಿ ಮರಿ ಕೂಡ ಹೊರಗೆ ಹೋಗುತ್ತೆ, ಇವರಿಗೇನಾಗಿದೆ ಅಂತಾಳೆ. ನನಗೆ ಕೇಳ್ಸಲ್ಲ ಅಂದ್ಕೊಂಡಿದ್ದಾಳೆ." ಆಮೇಲೆ ಮುಖ ಈಚೆ ತಿರುಗಿಸಿ, ಕಣ್ಣು ಕಿರಿದು ಮಾಡಿ ನೋಡಿದರು. "ಬಟ್ಟೆ ಬದಲಾಗಿದೆ. ನೀನೇ ಅಲ್ವಾ ಅವಳು?"

ಆ ಮಾತು ಸೂಜಿಯಕ್ಕನದೇ. ಮಂಡಳಿಯ ಮೇಲಿದ್ದ ಸಿಟ್ಟನ್ನೆಲ್ಲ ಅವಳು ಒದ್ದೆ ಹಾಸಿಗೆಗಳ ಮೇಲೆ ತೀರಿಸಿಕೊಂಡಿದ್ದಳು. ಹಾಸಿಗೆಗಳ ಮೇಲೆ ಮನುಷ್ಯರಿದ್ದರು ಎಂಬುದು ಆಗ ಹೊಳೆದಿರಲಿಲ್ಲ.

"ಹೌದಜ್ಜ, ನಾನೇ. ತಪ್ಪಾಯ್ತು."

ಅಷ್ಟರಲ್ಲಿ ವಾರ್ಡಿನ ಇನ್‌ಚಾರ್ಜ್ ಬಾಗಿಲಲ್ಲಿ ತಲೆ ಹಾಕಿದರು. "ಇನ್ನೂ ಇಲ್ಲೇ ಇದ್ದೀರಾ? ಬೇಡ ಅಂದ್ರು ತಾನೇ? ಬರೆದು ಮುಂದಕ್ಕೆ ಬನ್ನಿ."

"ನನ್ನಿಂದಾಗಿ ಬೇಡ ಅಂದಿದ್ದಾರೆ ಮೇಡಂ" ಎಂದಳು ಸೂಜಿಯಕ್ಕ. "ಅದನ್ನ ಎಲ್ಲಿ ಬರೀಬೇಕು, ಹೇಳಿ, ಬರೀತೀನಿ."

"ಅದಕ್ಕೆ ಕಂಪ್ಯೂಟರಲ್ಲಿ ಜಾಗ ಇಲ್ಲ" ಎಂದು ಇನ್‌ಚಾರ್ಜ್ ಪಕ್ಕದ ಕೋಣೆಗೆ ಹೋದರು.